ರಟ್ಟಿನ ಕಿಂಡಿ, ಪೊರಕೆ ಕಡ್ಡಿ: ನನ್ನ ತರಗತಿಯ ಅನುಭವ

ನಾನು ಬೆಂಗಳೂರಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುತ್ತೇನೆ. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಬೇಕಾದ ಸಾಮಾನು ಅಂದರೆ ದುಬಾರಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಬಳಸುವುದು ಜಾಸ್ತಿ ಮನೆಯಲ್ಲೇ ಇರುತ್ತದೆ. ಉಳಿದದ್ದು ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. ಮಗು ಎಲ್ಲಿ ಎಡವುತ್ತಿದೆ ಅಂತ ಪಕ್ಕದಲ್ಲಿ ಕೂತು ನೋಡುವುದೇ ದೊಡ್ಡ ಕೆಲಸ.

ಓದುವಾಗ ಸಾಲು ತಪ್ಪುವ ಮಕ್ಕಳಿಗೆ ಹಳೇ ಮದುವೆ ಕಾರ್ಡಿನಲ್ಲಿ ಒಂದು ಸಾಲು ಮಾತ್ರ ಕಾಣುವಂತೆ ಉದ್ದನೆಯ ಕಿಂಡಿ ಕೊಯ್ದು ಕೊಡುತ್ತೇನೆ. ಇಂಗ್ಲಿಷ್ ಓದಿಗೆ ಅಂತ ಮಾಡಿದ ಅಳತೆ ಇಲ್ಲಿ ಹೊಂದುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಲ್ವಾ, ಕಿಂಡಿ ಕಿರಿದಾದರೆ ಒತ್ತು ಮುಚ್ಚಿಹೋಗಿ ‘ಕತ್ತೆ’ ಇದ್ದದ್ದು ‘ಕತೆ’ ಆಗಿಬಿಡುತ್ತದೆ, ಮಗು ಕಂಡದ್ದನ್ನು ಸರಿಯಾಗೇ ಓದಿದ್ದರೂ ತಪ್ಪು ಅಂತ ಬೈಸಿಕೊಳ್ಳುತ್ತದೆ. ಹಾಗಾಗಿ ಪಠ್ಯಪುಸ್ತಕದ ಮೇಲೇ ಕಾರ್ಡ್ ಇಟ್ಟು, ಒತ್ತಿನ ಕೆಳಗೂ ಸ್ವಲ್ಪ ಜಾಗ ಬಿಟ್ಟು ಗೆರೆ ಹಾಕಿಕೊಳ್ಳಿ.

ಒತ್ತಕ್ಷರವನ್ನು ನಾನು ಬೇರೆ ಬಣ್ಣದಲ್ಲೇ ಬರೆಯುತ್ತೇನೆ. ಮೇಲಿನ ಅಕ್ಷರ ಕಪ್ಪು, ಒತ್ತು ಕೆಂಪು. ಅರ್ಕಾವತ್ತಿಗೆ ಇದು ತುಂಬಾ ಬೇಕು. ‘ಸೂರ್ಯ’ ಅನ್ನುವಾಗ ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಬರಹದಲ್ಲಿ ಅದರ ಗುರುತು ‘ಯ’ ಆದಮೇಲೆ ಬರುತ್ತದೆ. ಎಡದಿಂದ ಬಲಕ್ಕೆ ಕಷ್ಟಪಟ್ಟು ಕೂಡಿಸಿ ಓದುವ ಮಗುವಿಗೆ ಇದು ನಿಜವಾದ ಗೊಂದಲ, ಸೋಮಾರಿತನ ಖಂಡಿತ ಅಲ್ಲ. ಬ ಮತ್ತು ಭ, ದ ಮತ್ತು ಧ ಅದಲು ಬದಲು ಮಾಡುವವರಿಗೆ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ, ಬೆರಳಲ್ಲಿ ಬರೆಸುತ್ತೇನೆ, ಬರೆಯುತ್ತಾ ಜೋರಾಗಿ ಹೇಳಿಸುತ್ತೇನೆ. ರಂಗೋಲಿ ಪುಡಿ ಬೇಡ, ಮಕ್ಕಳು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾರೆ.

ಲೆಕ್ಕಕ್ಕೆ ತೆಂಗಿನ ಪೊರಕೆ ಕಡ್ಡಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. 42ರಲ್ಲಿ 17 ಕಳೆಯುವಾಗ ಎರಡು ಬಿಡಿ ಕಡ್ಡಿಯಿಂದ ಏಳು ತೆಗೆಯಲು ಆಗುವುದಿಲ್ಲ, ಆಗ ಮಗು ತಾನೇ ಒಂದು ಕಟ್ಟು ಬಿಚ್ಚುತ್ತದೆ. ‘ಪಕ್ಕದಿಂದ ಸಾಲ ತಗೋ’ ಅಂತ ಎಷ್ಟು ಸಲ ಹೇಳಿದರೂ ಅರ್ಥ ಆಗದ್ದು ಆ ಬ್ಯಾಂಡ್ ಬಿಚ್ಚುವಾಗ ಕಣ್ಣಿಗೆ ಕಾಣುತ್ತದೆ. ಆಮೇಲೆ ಅದನ್ನೇ ಚೌಕದ ನೋಟ್‌ಬುಕ್ಕಿನಲ್ಲಿ, ಒಂದು ಚೌಕಕ್ಕೆ ಒಂದೇ ಅಂಕಿ ಬರೆಸುತ್ತೇನೆ. ಬಿಡಿಯ ಜಾಗ, ಹತ್ತರ ಜಾಗ ತಪ್ಪುವುದಿಲ್ಲ.

ಬರೆಯಲು ಕೈ ನೋಯುವವರಿಗೆ ಪೆನ್ಸಿಲ್ ಹಿಡಿಯುವ ಜಾಗಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಕೊಡಿ. ಬೋರ್ಡ್ ನೋಡಿ ಬರೆಯಲಾಗದವರಿಗೆ ಅದನ್ನೇ ಚೀಟಿಯಲ್ಲಿ ಬರೆದು ಡೆಸ್ಕಿನ ಮೇಲೆ ಇಡಿ. ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು ಓದಿದರೆ ತೊಂದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಇದೆಲ್ಲ ಒಂದು ಡಬ್ಬಿಯಲ್ಲಿ ಕಿಟಕಿ ಕಟ್ಟೆ ಮೇಲೆ ಇರುತ್ತದೆ, ಯಾರು ಬೇಕಾದರೂ ತಗೋಬಹುದು. ಚೆನ್ನಾಗಿ ಓದುವ ಮಕ್ಕಳೂ ತಗೊಳ್ಳುತ್ತಾರೆ. ಒಬ್ಬನಿಗೆ ಮಾತ್ರ ಕರೆದು ಕೊಟ್ಟರೆ ಅವನು ಆ ಕಾರ್ಡನ್ನು ಬ್ಯಾಗಲ್ಲಿ ಬಚ್ಚಿಡುತ್ತಾನೆ, ನಾಚಿಕೆ ಆಗುತ್ತದೆ ಅವನಿಗೆ.

“ಮಿಸ್, ಬೇಕು ಅಂತಲೇ ಬರೆಯಲ್ಲ ಇವನು, ಎರಡು ಏಟು ಕೊಡಿ” ಅನ್ನುವ ಅಮ್ಮಂದಿರು ಈಗಲೂ ಬರುತ್ತಾರೆ. “ಇಲ್ಲಮ್ಮ, ಒಂದು ನಿಮಿಷ ಇಲ್ಲಿ ಕೂತ್ಕೊಳ್ಳಿ” ಅಂತ ಮಗುವಿನ ಕೈಗೆ ಕಿಂಡಿ ಕಾರ್ಡ್ ಕೊಟ್ಟು ಅವರ ಮುಂದೆಯೇ ಓದಿಸುತ್ತೇನೆ. ಆಮೇಲೆ ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆ ಮಾಡಿಸಲು ಹೇಳುತ್ತೇನೆ, ಯಾಕೆಂದರೆ ತೊಂದರೆ ನಿಜವಾಗಿ ಏನು ಅಂತ ನನ್ನ ಡಬ್ಬಿ ಹೇಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ, ಅಂದರೆ ಓದು, ಬರಹ, ಲೆಕ್ಕದಲ್ಲಿ ಬರುವ ಇಂಥ ತೊಂದರೆಯೂ ಇದೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಜಾಸ್ತಿ ಸಮಯ, ಬರೆದುಕೊಡುವವರ ನೆರವು ಕೇಳುವಾಗ ಅದರ ಪ್ರಮಾಣಪತ್ರ ಬೇಕೇ ಬೇಕು.

ವರ್ಷದ ಕೊನೆಗೆ ಪ್ರತಿ ಮಗುವಿನ ಹೆಸರಲ್ಲಿ ಒಂದು ಚೀಟಿ ಬರೆದು ಮುಂದಿನ ತರಗತಿಯ ಟೀಚರ್‌ಗೆ ಕೊಡುತ್ತೇನೆ: ಕಿಂಡಿ ಕಾರ್ಡ್ ಬೇಕು, ಚೌಕದ ಪುಸ್ತಕ ಬೇಕು, ಬೋರ್ಡ್ ನೋಡಿ ಬರೆಸಬೇಡಿ. ಇಲ್ಲದಿದ್ದರೆ ಜೂನ್‌ನಲ್ಲಿ ಆ ಮಗು ಮತ್ತೆ ಮೊದಲಿಂದ ಬೈಸಿಕೊಳ್ಳಬೇಕಾಗುತ್ತದೆ.