ಮರಳಚ್ಚಿನಲ್ಲಿ ಬೆಳ್ಳಿ ನಾಣ್ಯ: ನನ್ನ ಅನುಭವ

ಬೆಳ್ಳಿ ಕರಗಿಸುವುದೇ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. 962 ಡಿಗ್ರಿ ಬಂದರೆ ಅದು ಕರಗಿಯೇ ಕರಗುತ್ತದೆ, ನಮ್ಮ ಕೊಪ್ಪಳದ ಪತ್ತಾರರಿಗೆ (ಅಕ್ಕಸಾಲಿಗರಿಗೆ) ಅದು ದಿನದ ಕೆಲಸ. ನಾಣ್ಯ ಚೆಂದ ಬರುವುದೂ ಕೆಡುವುದೂ ಮರಳಿನಲ್ಲಿ, ಅದಕ್ಕೂ ಮೊದಲು ಮಾದರಿಯಲ್ಲಿ, ಅಂದರೆ ಮರಳಿನಲ್ಲಿ ಒತ್ತಿ ಎತ್ತಿ ಬೆಳ್ಳಿಗೆ ಜಾಗ ಮಾಡುವ ನಾಣ್ಯದ ಪ್ರತಿಯಲ್ಲಿ.

ತಂಗಿಯ ಮನೆ ಗೃಹಪ್ರವೇಶಕ್ಕೆ ‘ಶ್ರೀ’ ಬರೆದ ನಾಣ್ಯ ಕೊಡಬೇಕಿತ್ತು. ಮಾದರಿಯನ್ನು ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದೆ. ಅಡ್ಡಳತೆ 30 ಮಿ.ಮೀ, ದಪ್ಪ 2.5. ಬೆಳ್ಳಿ ಗಟ್ಟಿಯಾಗುವಾಗ ಸುಮಾರು ಶೇ 2ರಷ್ಟು ಕುಗ್ಗುತ್ತದೆ, ಹಾಗಾಗಿ ಪ್ರಿಂಟ್ 30.6 ಇಟ್ಟೆ. ದಪ್ಪ 2.5ಕ್ಕಿಂತ ಕಡಿಮೆ ಮಾಡಿದರೆ ಬೆಳ್ಳಿ ಅಂಚು ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಇಡೀ ನಾಣ್ಯವನ್ನು ಒಂದೇ ತುಂಡಾಗಿ ಪ್ರಿಂಟ್ ಮಾಡಬೇಡಿ, ದಪ್ಪದ ನಡುವೆ ಸೀಳಿದಂತೆ ಎರಡು ಹೋಳು ಮಾಡಿ, ನಡುವೆ ಸಣ್ಣ ಗೂಟ ಕೊಡಿ. ಆಗ ಎರಡೂ ಮುಖ ಮೇಲ್ಮುಖವಾಗಿ ನೀಟಾಗಿ ಬರುತ್ತವೆ, ಅಚ್ಚು ಬಿಡಿಸುವುದೂ ಸುಲಭ. ಅಂಚಿಗೆ ಸ್ವಲ್ಪ ಇಳಿಜಾರು ಇರಲಿ. ಪದರದ ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜಲೇಬೇಕು, ಮರಳು ಒಂದು ಗೆರೆಯನ್ನೂ ಬಿಡುವುದಿಲ್ಲ. ಅಕ್ಷರ ತಿರುವುಮುರುವು ಬರೆಯಬೇಕಾ ಅಂತ ಕೇಳುತ್ತಾರೆ. ಬೇಡ, ಅದು ಟಂಕಿಸುವ, ಅಂದರೆ ಲೋಹದ ಮೇಲೆ ಬಡಿದು ಮುದ್ರೆ ಒತ್ತುವ ಮೊಹರಿಗೆ. ಮಾದರಿಯಲ್ಲಿ ಹೇಗಿದೆಯೋ ಬೆಳ್ಳಿಯಲ್ಲೂ ಹಾಗೇ ಬರುತ್ತದೆ.

ನಮ್ಮ ಕನ್ನಡ ಅಕ್ಷರಗಳದ್ದೇ ಒಂದು ಪಜೀತಿ ಇದೆ. ಸುಳಿ, ಸೊನ್ನೆ, ಒತ್ತು ಎಲ್ಲದರ ಒಳಗೂ ಮರಳಿನ ಸಣ್ಣ ಗೂಟ ನಿಲ್ಲುತ್ತದೆ, ಮಾದರಿ ಎತ್ತುವಾಗ ಅದು ಮುರಿದರೆ ಅಲ್ಲಿ ಬೆಳ್ಳಿ ತುಂಬಿ ಅಕ್ಷರ ಗಂಟಾಗುತ್ತದೆ. ಅದಕ್ಕೇ ಉದ್ದ ಹೆಸರು, ತಾರೀಖು ಎಲ್ಲ ಬಿಟ್ಟು ಒಂದೇ ದೊಡ್ಡ ಅಕ್ಷರ ಇಟ್ಟೆ. ಅಕ್ಷರದ ಉಬ್ಬು ಅರ್ಧ ಮಿ.ಮೀ ಸಾಕು.

ಹೊಳೆ ಮರಳು ಹಾಗೇ ಹಾಕಿದರೆ ತೀರಾ ಒರಟು. ಒಣಗಿಸಿ ವಾಯಿಲ್ ಬಟ್ಟೆಯಲ್ಲಿ ಸೋಸಿದೆ. ಅದಕ್ಕೆ ಹತ್ತರಲ್ಲಿ ಒಂದು ಪಾಲು ಬೆಂಟೊನೈಟ್ ಪುಡಿ, ಮರಳನ್ನು ಹಿಡಿದಿಡುವ ಜೇಡಿಮಣ್ಣು. ಇದು ಎಲ್ಲಿ ಸಿಗುತ್ತೆ ಅನ್ನಬೇಡಿ, ಅರ್ಥಿಂಗ್ ಗುಂಡಿಗೆ ಹಾಕುವ ಪುಡಿಯೇ ಇದು, ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಆಮೇಲೆ ಚೂರು ಚೂರೇ ನೀರು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳಿನ ಗುರುತು ಉಳಿಯಬೇಕು, ಮುರಿದರೆ ಚೊಕ್ಕವಾಗಿ ಎರಡಾಗಬೇಕು. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ ಕೂತರೆ ಕಲಸುವಷ್ಟರಲ್ಲೇ ಒಣಗುತ್ತದೆ, ಬೆಳಿಗ್ಗೆಯೇ ಮುಗಿಸಿ.

ಎರಡು ಮರದ ಚೌಕಟ್ಟು, ಮರಳು ಒಂದಕ್ಕೊಂದು ಅಂಟದಿರಲು ನಡುವೆ ಮುಖಕ್ಕೆ ಹಚ್ಚುವ ಪೌಡರ್. ಮರಳು ಗಟ್ಟಿಯಾಗಿ ಬಡಿದು, ಮಾದರಿ ಎತ್ತಿ, ಬೆಳ್ಳಿ ಇಳಿಯುವ ದಾರಿ ಕೊರೆದೆ. ಅದು ನಾಣ್ಯಕ್ಕಿಂತ ದಪ್ಪ ಇರಲಿ, ನಾಣ್ಯವೇ ಮೊದಲು ಗಟ್ಟಿಯಾಗಬೇಕು. ಗಾಳಿ ಹೋಗಲು ಸೈಕಲ್ ಕಡ್ಡಿಯಲ್ಲಿ ತೂತು. ಆಮೇಲೆ ಒಳಮುಖಕ್ಕೆ ಟಾರ್ಚಿನ ಉರಿ ಆಡಿಸಿ ಒಣಗಿಸಿದೆ. ನಮ್ಮ ಓಣಿಯ ಪತ್ತಾರ ಕಾಕಾ ಮೊದಲೇ ಹೇಳಿದ್ದರು, “ತಮ್ಮಾ, ಹಸಿ ಮರಳಿಗೆ ಹೊಯ್ದ್ರ ಮುಖಕ್ಕ ಸಿಡಿತೈತಿ.” ಆವಿಯ ವಿಷಯ ತಮಾಷೆ ಅಲ್ಲ. ಕನ್ನಡಕ, ಚರ್ಮದ ಕೈಗವಸು, ಬೂಟು ಹಾಕಿಕೊಳ್ಳಿ.

ಕರಗಿಸಿದ್ದು ಕಾಕಾನ ಮೂಸೆಯಲ್ಲೇ. ಈ ಅಳತೆಯ ನಾಣ್ಯ ಸುಮಾರು 18.5 ಗ್ರಾಂ, ಆದರೆ ದಾರಿಯಲ್ಲಿ ನಿಲ್ಲುವ ಬೆಳ್ಳಿಯೂ ಸೇರಿ 40 ಗ್ರಾಂ ಹಾಕಿದೆವು. ಹಳೆಯ ಕಾಲ್ಗೆಜ್ಜೆ, ಉಡದಾರ ಹಾಕಬಹುದು, ಆದರೆ ಅದರ ಬೆಸುಗೆಯಿಂದ ಕೆಟ್ಟ ಹೊಗೆ ಬರುತ್ತದೆ, ಬಯಲಲ್ಲೇ ಮಾಡಿ. ಒಂದು ಚಿಟಿಕೆ ಬಿಳಿಗಾರ (ಬೊರಾಕ್ಸ್), ಮೇಲೊಂದು ಇದ್ದಿಲು ಚೂರು. ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕ ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಉಗುಳುತ್ತದೆ, ಮೈಯೆಲ್ಲ ಗುಳಿ ಬೀಳುತ್ತದೆ. ಇದ್ದಿಲು ಅದನ್ನು ತಡೆಯುತ್ತದೆ. ಹೊಯ್ಯುವಾಗ ನಡುವೆ ನಿಲ್ಲಿಸಬಾರದು.

ಬಂದ ನಾಣ್ಯ ಬೂದು ಬಣ್ಣ, ನೋಡಲು ಏನೂ ಇಲ್ಲ. ದಾರಿಯ ತುಂಡು ಗರಗಸದಲ್ಲಿ ಕತ್ತರಿಸಿ, ಅರದಿಂದ ಉಜ್ಜಿ (ಕೆಳಗೆ ಕಾಗದ ಹಾಸಿ, ಪುಡಿಯೂ ಬೆಳ್ಳಿಯೇ ಅಲ್ವಾ), ನಿಂಬೆಉಪ್ಪಿನ ಬಿಸಿ ನೀರಲ್ಲಿ ಇಟ್ಟು, ಅಂಟುವಾಳದ ನೊರೆಯಲ್ಲಿ ಬ್ರಷ್ ಹಾಕಿದೆ. ಮನೆಯ ಲಕ್ಷ್ಮೀಪೂಜೆಯ ಹಳೆ ಜಾರ್ಜ್ ರೂಪಾಯಿಯ ಚೂಪು ಇದಕ್ಕೆ ಬರುವುದಿಲ್ಲ. ಅದು ಟಂಕಿಸಿದ್ದು, ಇದು ಎರಕ. ನನಗೆ ಈ ಮೊಂಡು ಅಂಚೇ ಇಷ್ಟ. ಅಂದಹಾಗೆ ಚಲಾವಣೆಯ ನಾಣ್ಯದ ಮಾದರಿ ಮಾತ್ರ ಮುಟ್ಟಬೇಡಿ, ದುಡ್ಡಿನಂತೆ ಬಳಸಲು ಲೋಹದ ತುಂಡು ಮಾಡುವುದನ್ನು 2011ರ ನಾಣ್ಯ ಕಾಯ್ದೆ ನಿಷೇಧಿಸುತ್ತದೆ.