ಲಾಫ್ಟಿನಿಂದ ಇಳಿದ ಕ್ಯಾರಿಯರ್

ಚುಕ್ಕಿಯನ್ನು ಮೊದಲ ಸಲ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ ದಿನ ನನ್ನ ಎಡಗೈಗೆ ಏಳು ಗೀರು ಬಿದ್ದವು. ನಮ್ಮವರ ಹೆಬ್ಬೆರಳಿಗೆ ಎರಡು ಹಲ್ಲು ಇಳಿದವು. ಬೆಕ್ಕಿಗೆ ಆಗಬೇಕಿದ್ದ ರೇಬಿಸ್ ಇಂಜೆಕ್ಷನ್ ಕೊನೆಗೆ ಅವರಿಗೆ ಆಯಿತು.

ಮುಂಬೈಯ ಮುಲುಂಡಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಸಿಕ್ಕಿದ ಮರಿ ಅದು. ಮನೆಯಲ್ಲಿ ಬಲು ಸಾಧು. ಆದರೆ ಲಾಫ್ಟಿನಿಂದ ಕ್ಯಾರಿಯರ್ ಕೆಳಗೆ ಇಳಿದರೆ ಸಾಕು, ವಾಷಿಂಗ್ ಮಷೀನ್ ಹಿಂದೆ ಮಾಯ. (ಕ್ಯಾರಿಯರ್ ಅಂದರೆ ಊಟದ್ದಲ್ಲ, ಬೆಕ್ಕು ಒಯ್ಯುವ ಪ್ಲಾಸ್ಟಿಕ್ ಪೆಟ್ಟಿಗೆ.) ಆ ದಿನ ಎಳೆದು, ತುರುಕಿ, ಬಾಗಿಲು ಹಾಕಿದೆವು. ಕ್ಲಿನಿಕ್ಕಿನಲ್ಲಿ ಹುಡುಗನೊಬ್ಬ ಕುತ್ತಿಗೆ ಹಿಡಿದು ಹೊರಗೆಳೆದ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಜಾಸ್ತಿ ಬಂತು. ಡಯಾಬಿಟಿಸ್ ಇರಬಹುದು ಅಂದರು. ಒಂದು ವಾರ ನನಗೆ ನಿದ್ದೆ ಇಲ್ಲ.

ಆಮೇಲೆ ಬೇರೆ ಡಾಕ್ಟರ್ ಹತ್ತಿರ ಹೋದಾಗ ವಿಷಯ ಗೊತ್ತಾಯಿತು. ಬೆಕ್ಕು ಹೆದರಿದರೆ ಸಾಕು, ರಕ್ತದ ಸಕ್ಕರೆ ಏರುತ್ತದಂತೆ. ಹಿಂದಿನ ಒಂದೆರಡು ವಾರದ ಸರಾಸರಿ ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸಿದರು. ಎಲ್ಲ ಸರಿ ಇತ್ತು. ಅಂದರೆ ಹೆದರಿದ ಬೆಕ್ಕಿನ ರಿಪೋರ್ಟನ್ನೂ ಪೂರ್ತಿ ನಂಬುವ ಹಾಗಿಲ್ಲ.

ನಮ್ಮ ಕುಂದಾಪುರದ ಕಡೆ ಬೆಕ್ಕು ಪ್ರಯಾಣ ಮಾಡುತ್ತಿದ್ದದ್ದು ಒಂದೇ ಕಾರಣಕ್ಕೆ. ಗೋಣಿಚೀಲದಲ್ಲಿ ಕಟ್ಟಿ ಹೊಳೆಯ ಆಚೆ ಬಿಟ್ಟು ಬರುವುದಕ್ಕೆ. ಚುಕ್ಕಿಗೆ ಆ ಪೆಟ್ಟಿಗೆಯೂ ಗೋಣಿಚೀಲದ ಹಾಗೇ ಕಂಡಿರಬೇಕು. ಎಲ್ಲೋ ಒಮ್ಮೆ ಬರುತ್ತದೆ, ಬಂದಾಗೆಲ್ಲ ಕೆಟ್ಟದ್ದೇ ಆಗುತ್ತದೆ. ಹೆದರಿಕೆ ಶುರುವಾಗುವುದು ಡಾಕ್ಟರ ಮೇಜಿನ ಮೇಲಲ್ಲ, ನಮ್ಮ ಮನೆಯ ಹಾಲ್‌ನಲ್ಲೇ.

ಹಾಗಾಗಿ ಕ್ಯಾರಿಯರನ್ನು ಲಾಫ್ಟಿಗೆ ಮತ್ತೆ ಏರಿಸಲೇ ಇಲ್ಲ. ಮೇಲಿನ ಅರ್ಧ ಬಿಚ್ಚಿಟ್ಟು, ಕೆಳಗಿನ ತಟ್ಟೆಯಲ್ಲಿ ನಾನು ಎರಡು ದಿನ ಹಾಕಿದ್ದ ನೈಟಿ ಹಾಸಿ, ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟೆ. ಒಗೆದ ಬಟ್ಟೆ ಬೇಡ, ವಾಸನೆ ಇರಬೇಕು. ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ ಚೂರು ದಿನಕ್ಕೆರಡು ಸಲ ಅದರೊಳಗೆ. ಮೊದಲ ವಾರ ಕತ್ತು ಉದ್ದ ಮಾಡಿ ಮೀನು ಎತ್ತಿಕೊಂಡು ಓಡುತ್ತಿದ್ದಳು. ಹನ್ನೊಂದನೇ ದಿನ ಸಂಜೆ ನೋಡಿದರೆ ಒಳಗೇ ಸುರುಳಿ ಸುತ್ತಿ ಮಲಗಿದ್ದಾಳೆ! ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಬೆಕ್ಕಿಗೆ ಇಷ್ಟೆಲ್ಲ ಉಪಚಾರವಾ ಮಾರಾಯ್ತಿ" ಅಂದರು.

ಆಮೇಲೆ ಮುಚ್ಚಳ ಕೂಡಿಸಿದೆ. ಬಾಗಿಲು ಐದು ಸೆಕೆಂಡ್ ಹಾಕಿ ತೆಗೆದೆ, ಮೀನು ಕೊಟ್ಟೆ. ಮುಂದೆ ಒಂದು ನಿಮಿಷ, ಮುಂದೆ ಲಿಫ್ಟಿನ ತನಕ, ಗೇಟಿನ ತನಕ. ಹಿಡಿಕೆ ಹಿಡಿದು ಎತ್ತಿದರೆ ಪೆಟ್ಟಿಗೆ ತೂಗುತ್ತದೆ, ಅವಳಿಗೆ ಆಗುವುದಿಲ್ಲ. ಕೆಳಗೆ ಎರಡೂ ಕೈ ಕೊಟ್ಟು ಎದೆಗೆ ಒತ್ತಿ ಹಿಡಿಯಬೇಕು, ಮಗುವಿನ ಹಾಗೆ. ಕೊನೆಗೆ ಒಂದು ರಿಕ್ಷಾ ಮಾಡಿ ಎಲ್‌ಬಿಎಸ್ ರಸ್ತೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ ವಾಪಸ್ ಬಂದೆ. ಹತ್ತಿದ ಜಾಗದಲ್ಲೇ ಇಳಿದು ಮಿನಿಮಮ್ 26 ರೂಪಾಯಿ ಕೊಟ್ಟಾಗ ರಿಕ್ಷಾದವನು ನನ್ನನ್ನೂ ಪೆಟ್ಟಿಗೆಯನ್ನೂ ಬದಲಿಸಿ ಬದಲಿಸಿ ನೋಡಿದ.

ಬೆಕ್ಕಿನ ಕೆನ್ನೆಯ ವಾಸನೆಯನ್ನು ಹೋಲುವ ಫೆಲಿವೇ ಸ್ಪ್ರೇ ಕೂಡ ತಂದಿದ್ದೆ. ಬೆಕ್ಕನ್ನು ಕೂರಿಸುವ ಕಾಲು ಗಂಟೆ ಮೊದಲು ಹೊಡೆಯಬೇಕು. ನಮ್ಮಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಬಂಗುಡೆಯೇ ವಾಸಿ.

ಆದರೆ ಮಾತ್ರೆ ಕೆಲಸ ಮಾಡಿತು. ಡಾಕ್ಟರು ತೂಕ ನೋಡಿ ಹೆದರಿಕೆ ಕಡಿಮೆ ಮಾಡುವ ಗ್ಯಾಬಪೆಂಟಿನ್ ಬರೆದುಕೊಟ್ಟರು, ಹೊರಡುವ ಎರಡು ಗಂಟೆ ಮೊದಲು ಕೊಡಬೇಕು. ಒಂದು ಭಾನುವಾರ ಮನೆಯಲ್ಲೇ ಕೊಟ್ಟು ನೋಡಿದೆ. ಹೆಂಡ ಕುಡಿದವರ ಹಾಗೆ ಓಲಾಡಿದಳು, ಸೋಫಾ ಹತ್ತಲು ಹೋಗಿ ಜಾರಿದಳು. ಹಾಗಾಗಿ ಎತ್ತರದ ಜಾಗ, ಬಾಲ್ಕನಿ ಎಲ್ಲ ಬಂದ್. ರಾತ್ರಿಯ ಹೊತ್ತಿಗೆ ಸರಿಯಾದಳು. ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಪ್ರಮಾಣ ಬೇರೆ, ಕೇಳದೆ ಕೊಡಬೇಡಿ. ಕೆಳಗಿನ ಮನೆಯ ಅಕ್ಕ "ಅರ್ಧ ಪ್ಯಾರಸಿಟಮಾಲ್ ಕೊಡಿ, ತಣ್ಣಗಾಗ್ತದೆ" ಅಂದಿದ್ದರು. ಬೆಕ್ಕಿಗೆ ಅದು ವಿಷ. ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು.

ಭೇಟಿಯ ದಿನ ಮಳೆ. ರಿಕ್ಷಾದ ಪ್ಲಾಸ್ಟಿಕ್ ಪರದೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಅದರ ಅಂಚನ್ನು ಮೊಣಕೈಯಲ್ಲಿ ಒತ್ತಿ ಹಿಡಿದೆ. ಪೆಟ್ಟಿಗೆಯ ಮೇಲೆ ದಪ್ಪ ಟವೆಲ್. ಮಧ್ಯಾಹ್ನದ ಮೊದಲ ಟೈಮ್ ಕೇಳಿಕೊಂಡಿದ್ದೆ, ಆಗ ನಾಯಿಗಳು ಕಡಿಮೆ. ಆದರೂ ಒಂದು ಲ್ಯಾಬ್ರಡಾರ್ ಇತ್ತು. ಫೋನ್ ಮಾಡಿ ಕರೆಯಿರಿ ಅಂತ ಹೇಳಿ ಮೆಟ್ಟಿಲ ಹತ್ತಿರ ನಿಂತೆ. ಪೆಟ್ಟಿಗೆ ನೆಲದ ಮೇಲೆ ಇಡಲಿಲ್ಲ.

ಒಳಗೆ ಅವಳನ್ನು ಎಳೆಯಲಿಲ್ಲ. ಮುಚ್ಚಳ ಬಿಚ್ಚಿದೆವು, ತಟ್ಟೆಯಲ್ಲೇ ಕೂತಳು, ತಲೆಗೆ ಟವೆಲ್. ಡಾಕ್ಟರು ಅಲ್ಲೇ ಎದೆ ಬಡಿತ ಕೇಳಿದರು, ಅಲ್ಲೇ ಸೂಜಿ ಹಾಕಿದರು. ಒಂದು ಸಲ ಗುರ್ ಅಂದಳು, ಅಷ್ಟೇ. ಉಗುರು ಕತ್ತರಿಸುವುದನ್ನು ಮಾತ್ರ ಮುಂದಿನ ಸಲಕ್ಕೆ ಬಿಟ್ಟೆವು.

ಮನೆಗೆ ಬಂದ ಮೇಲೆ ಇನ್ನೊಂದು ರಗಳೆ. ನಮ್ಮ ಇನ್ನೊಂದು ಬೆಕ್ಕು ಕರಿಯ, ಆಸ್ಪತ್ರೆ ವಾಸನೆ ಮೂಸಿ ಅವಳ ಮೇಲೆ ಬುಸ್ ಅಂದ. ಎರಡು ಗಂಟೆ ಬೇರೆ ಬೇರೆ ಕೋಣೆಯಲ್ಲಿಟ್ಟು, ಅವನ ಮೈ ಒರೆಸಿದ ಬಟ್ಟೆಯಿಂದಲೇ ಅವಳನ್ನೂ ಒರೆಸಿದೆ. ಆಮೇಲೆ ಶಾಂತಿ.

ಈಗ ಕರಿಯ ಆ ಪೆಟ್ಟಿಗೆಯನ್ನು ತನ್ನದು ಮಾಡಿಕೊಂಡಿದ್ದಾನೆ. ಚುಕ್ಕಿ ಹೊರಗೆ ಕೂತು ನೋಡುತ್ತಾಳೆ. ಇನ್ನೊಂದು ಕೊಳ್ಳಬೇಕು, ನಮ್ಮವರಿಗೆ ಇನ್ನೂ ಹೇಳಿಲ್ಲ.