ಅಪ್ಪಂಗೆ ಮೊದಲನೇ ಡೆಸ್ಕ್‌ಟಾಪ್ ತಗೊಳ್ಳೋವಾಗ

ಎಪ್ಪತ್ತರ ಹತ್ರ ಇರೋ ಅಪ್ಪನೋ ಅತ್ತೆಯೋ "ನಂಗೂ ಒಂದು ಕಂಪ್ಯೂಟರ್ ಬೇಕಿತ್ತಲ್ಲೋ" ಅಂದ ತಕ್ಷಣ ನಾವು ಮಾಡೋ ಕೆಲಸ ಅಂದ್ರೆ ನಮ್ಮ ಹಳೇ ಲ್ಯಾಪ್‌ಟಾಪ್ ಅವರಿಗೆ ದಾಟಿಸೋದು. ನಾನೂ ಅದನ್ನೇ ಮಾಡಿದ್ದೆ. ಸಣ್ಣ ಸ್ಕ್ರೀನು, ಟೈಪ್ ಮಾಡ್ತಾ ಅಂಗೈ ಟಚ್‌ಪ್ಯಾಡಿಗೆ ತಾಗಿ ಕರ್ಸರ್ ಎಲ್ಲೆಲ್ಲೋ ಹಾರೋದು, ಒಂದು ವಾರ ಒದ್ದಾಡಿ ಅಪ್ಪ ಅದನ್ನ ಮುಚ್ಚಿ ಮೇಲೆ ನ್ಯೂಸ್‌ಪೇಪರ್ ಇಡೋಕೆ ಶುರು ಮಾಡಿದ್ರು. ಆಮೇಲೆ ಡೆಸ್ಕ್‌ಟಾಪ್ ತಂದೆ. ನಾನು ಕಲಿತಿದ್ದು ಇಷ್ಟೇ, ದುಡ್ಡನ್ನ ಸಿಪಿಯು ಅಂತೀವಲ್ಲ, ಆ ಡಬ್ಬದೊಳಗೆ ಹಾಕೋದಕ್ಕಿಂತ ಕಣ್ಣು ನೋಡೋದ್ರ ಮೇಲೆ, ಕೈ ಮುಟ್ಟೋದ್ರ ಮೇಲೆ ಹಾಕಿ.

ಡಬ್ಬದ ಮಾತು ಬೇಗ ಮುಗಿಸ್ತೀನಿ. ಯೂಟ್ಯೂಬಲ್ಲಿ ಹರಿಕಥೆ, ಇಮೇಲು, ಮೊಮ್ಮಕ್ಕಳ ಫೋಟೋ, ಬ್ಯಾಂಕಿನ ಸ್ಟೇಟ್‌ಮೆಂಟು, ಇದಕ್ಕೆಲ್ಲ ಇಂಟೆಲ್ ಕಂಪನಿಯ ಐ3 ಪ್ರೊಸೆಸರ್ (ಕಂಪ್ಯೂಟರಿನ ಮಿದುಳು), 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ (ಫೈಲುಗಳನ್ನ ಇಡೋ ವೇಗದ ಡಿಸ್ಕ್) ಧಾರಾಳ. ಎಸ್‌ಎಸ್‌ಡಿ ಮಾತ್ರ ಬಿಡಬೇಡಿ, ಹಳೇ ಹಾರ್ಡ್‌ಡಿಸ್ಕ್ ಆನ್ ಆಗೋಕೆ ನಿಮಿಷಗಟ್ಟಲೆ ತಗೊಂಡ್ರೆ ಹೊಸಬರು ನಾನೇನೋ ಕೆಡಿಸಿಬಿಟ್ಟೆ ಅಂತ ಗಾಬರಿಯಾಗಿ ಬಟನ್ ಒತ್ತಿ ಒತ್ತಿ ನಿಜವಾಗ್ಲೂ ಕೆಡಿಸ್ತಾರೆ. ಬಜೆಟ್ ಕಮ್ಮಿ ಇದ್ರೆ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನೋಡಬಹುದು, ತಪ್ಪೇನಿಲ್ಲ, ಆದ್ರೆ "ಐ5 ಸಾರ್, ಸೂಪರ್ ಪೀಸು" ಅಂದ್ರೆ ಎಷ್ಟನೇ ಜನರೇಶನ್, ಅಂದ್ರೆ ಎಷ್ಟನೇ ಪೀಳಿಗೆ ಅಂತ ಕೇಳಿ. ಐ5-4570 ಅಂದ್ರೆ ನಾಲ್ಕನೇದು, ಐ5-8500 ಅಂದ್ರೆ ಎಂಟನೇದು. ಇಂಟೆಲ್‌ನಲ್ಲಿ ಎಂಟಕ್ಕಿಂತ ಹಳೇದು ಬೇಡ, ಯಾಕಂದ್ರೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಎಂಟನೇ ಜನರೇಶನ್‌ಗಿಂತ ಹಳೇ ಪ್ರೊಸೆಸರನ್ನ ಹೆಚ್ಚುಕಮ್ಮಿ ಒಪ್ಪೋದೇ ಇಲ್ಲ.

ಮಾನಿಟರ್ ಇದೆಯಲ್ಲ, ಅಲ್ಲಿ ಟೈಮ್ ಕೊಡಿ. 24 ಇಂಚಿಗಿಂತ ಕಮ್ಮಿ ಬೇಡ. 27 ಇಂಚಿನ ಫುಲ್ ಎಚ್‌ಡಿ ಆದ್ರೆ ಸೆಟ್ಟಿಂಗ್ ಮುಟ್ಟದೇ ಅಕ್ಷರ ದೊಡ್ಡದಾಗಿ ಕಾಣತ್ತೆ, ಗೇಮ್ ಆಡೋರು "ಪಿಕ್ಸೆಲ್ ಕಾಣತ್ತೆ ಬ್ರೋ" ಅಂತಾರೆ, ಅಪ್ಪಂಗೆ ಬೇಕಾಗಿರೋದೇ ಅದು. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಸ್ಕೇಲ್ (ಅಕ್ಷರ, ಚಿತ್ರಗಳ ಸೈಜು) 125 ಅಥವಾ 150 ಪರ್ಸೆಂಟ್ ಮಾಡಿ. ಇನ್ನೊಂದು ವಿಷಯ ಯಾವ ಅಂಗಡಿಯವರೂ ಹೇಳಲ್ಲ: ಬೈಫೋಕಲ್ ಕನ್ನಡಕ ಹಾಕೋರು ಓದೋದು ಗಾಜಿನ ಕೆಳಭಾಗದಿಂದ. ಸ್ಕ್ರೀನ್ ಎತ್ತರದಲ್ಲಿದ್ರೆ ಗದ್ದ ಮೇಲೆತ್ತಿ ನೋಡ್ತಾರೆ, ಎರಡು ದಿನಕ್ಕೆ ಕತ್ತು ನೋವು ಅಂತ ಬಿಟ್ಟೇಬಿಡ್ತಾರೆ. ನಾನು ಆಫೀಸಿನ ಅಭ್ಯಾಸದಲ್ಲಿ ಮಾನಿಟರ್ ಕೆಳಗೆ ಎರಡು ಡಿಕ್ಷನರಿ ಇಟ್ಟಿದ್ದೆ, ಅಪ್ಪ ಏನೂ ಮಾತಾಡದೇ ತೆಗೆದಿಟ್ಟಿದ್ರು! ಹೈಟ್ ಅಡ್ಜಸ್ಟ್ ಆಗೋ ಸ್ಟ್ಯಾಂಡ್ ಇರೋದು ಸಿಕ್ರೆ ಸ್ವಲ್ಪ ಜಾಸ್ತಿ ಕೊಟ್ಟಾದ್ರೂ ತಗೊಳ್ಳಿ.

ಕೀಬೋರ್ಡ್ ಮೌಸ್ ವೈರ್ ಇರೋದೇ ಇರಲಿ, ಸೆಲ್ ಮುಗಿದಿದೆ ಅಂತ ಅವರಿಗೆ ಗೊತ್ತಾಗಲ್ಲ. ಮೌಸ್ ಅಂಗೈ ತುಂಬೋ ಸೈಜಿರಬೇಕು. ಡಬಲ್ ಕ್ಲಿಕ್ ಅನ್ನೋದು ವಯಸ್ಸಾದೋರಿಗೆ ದೊಡ್ಡ ಪರೀಕ್ಷೆ, ಎರಡು ಕ್ಲಿಕ್ ಮಧ್ಯೆ ಕೈ ಒಂಚೂರು ಸರೀತು ಅಂದ್ರೆ ಫೈಲೇ ಬೇರೆ ಜಾಗಕ್ಕೆ ಹೋಗಿರತ್ತೆ. ಫೋಲ್ಡರ್ ಆಪ್ಷನ್ಸಲ್ಲಿ ಸಿಂಗಲ್ ಕ್ಲಿಕ್ಕಿಗೇ ಓಪನ್ ಆಗೋ ಹಾಗೆ ಮಾಡ್ಕೊಡಿ, ಪಾಯಿಂಟರ್ ದೊಡ್ಡದು ಮಾಡಿ, ಸ್ಪೀಡ್ ಇಳಿಸಿ. ಕೈ ಪಳಗೋಕೆ ಸಾಲಿಟೇರ್ ಆಟ ಹಾಕ್ಕೊಡಿ, ಎಲೆ ಎಳೆದು ಬಿಡೋದರಲ್ಲೇ ಮೌಸ್ ಅರ್ಧ ಬಂದ್ಬಿಡತ್ತೆ, ಇಸ್ಪೀಟು ಅಂದ್ರೆ ಬೇಡ ಅನ್ನೋರು ನಮ್ಮನೇಲಂತೂ ಇಲ್ಲ. ಕನ್ನಡ ಟೈಪಿಂಗಿಗೆ ವಿಂಡೋಸಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯೋದು) ಇದೆ, ಮೊದಲೇ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಅಭ್ಯಾಸ ಇದ್ರೆ ಅದನ್ನೇ ಹಾಕಿ, ಹೊಸದು ಕಲಿಸೋಕೆ ಹೋಗಬೇಡಿ.

ಮರೆಯೋ ವಸ್ತು ಒಂದಿಷ್ಟಿವೆ. ಡೆಸ್ಕ್‌ಟಾಪಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಮೈಕ್ ಇರಲ್ಲ, ಎಷ್ಟೋ ಸಲ ವೈಫೈನೂ ಇರಲ್ಲ, ಬಿಲ್ ಮಾಡಿಸೋ ಮುಂಚೆ ಕೇಳಿ. ಕರೆಂಟ್ ಹೋಗೋ ಊರಾದ್ರೆ 600 ವಿಎ ಯುಪಿಎಸ್ ಸಾಕು, ಆರಾಮಾಗಿ ಆಫ್ ಮಾಡೋಷ್ಟು ಹೊತ್ತು ಸಿಗತ್ತೆ. ಮನೇಲಿ ಇನ್ವರ್ಟರ್ ಇದ್ರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ, ಇಲ್ಲಾಂದ್ರೆ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಮಲೆನಾಡ ಕಡೆಯವರು ಗುಡುಗು ಶುರುವಾದ್ರೆ ಪ್ಲಗ್ ಜೊತೆ ಇಂಟರ್ನೆಟ್ ವೈರನ್ನೂ ಕೀಳಿ ಅಂತ ಹೇಳಿಕೊಡಿ, ಸಿಡಿಲು ಆ ದಾರೀಲೂ ಬರತ್ತೆ.

ಕೊಡೋ ಮುಂಚೆ ಅಡ್ಮಿನ್ ಅಕೌಂಟ್ (ಸಾಫ್ಟ್‌ವೇರ್ ಹಾಕೋ, ಸೆಟ್ಟಿಂಗ್ ಬದಲಿಸೋ ಅಧಿಕಾರ ಇರೋದು) ನಿಮ್ಮ ಹತ್ರ ಇಟ್ಕೊಂಡು ಅವರಿಗೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ. ಸ್ಕ್ರೀನ್ ತುಂಬಾ ಕೆಂಪಗೆ "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬಂದ್ರೆ ನಂಗೆ ಫೋನ್ ಮಾಡಿ ಅಂತ ಹೇಳಿ, ದುಡ್ಡು ಹೋಗೇಬಿಟ್ರೆ ಕರೆ ಮಾಡಬೇಕಾದ ಸೈಬರ್ ಸಹಾಯವಾಣಿ 1930 ಅನ್ನೋದನ್ನ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ದೂರದಿಂದ ನೀವೇ ಅವರ ಸ್ಕ್ರೀನ್ ನೋಡೋಕೆ ವಿಂಡೋಸಿನ ಕ್ವಿಕ್ ಅಸಿಸ್ಟ್ ಸಾಕಾಗತ್ತೆ, ನೀವು ಕೊಟ್ಟ ಕೋಡನ್ನ ಅವರು ಅದರಲ್ಲಿ ಹಾಕಬೇಕು, ಬೇರೆ ಯಾರು ಕೋಡ್ ಕೊಟ್ಟು ಹಾಕಿ ಅಂದ್ರೂ ಹಾಕಬಾರದು ಅಂತ ಮೊದಲನೇ ದಿನಾನೇ ಹೇಳಿ.

ಇನ್ನು ಆಫ್ ಮಾಡೋದು. ಟೀವಿ ಥರ ಗೋಡೆ ಸ್ವಿಚ್ಚೇ ಆರಿಸ್ತಾರೆ, ಎಷ್ಟು ಹೇಳಿದ್ರೂ ಅಷ್ಟೇ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸಲ್ಲಿ ಡಬ್ಬದ ಪವರ್ ಬಟನ್ ಒಂದ್ಸಲ ಒತ್ತಿದ್ರೆ ಶಟ್‌ಡೌನ್ ಆಗೋ ಹಾಗೆ ಇಟ್ಟುಬಿಡಿ. ನಮ್ಮಪ್ಪ ಈಗ ಬಟನ್ ಒತ್ತಿ, ಲೈಟ್ ಆರೋವರೆಗೂ ಅಲ್ಲೇ ಕೂತು ಕಾದು, ಆಮೇಲೆ ಗೋಡೆ ಸ್ವಿಚ್ ಆರಿಸಿ ಏಳ್ತಾರೆ.